ಕಾವಲಿನ ಕೂಲಿ, ಕಾವಲಿನ ಹೊಣೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಹೊರಟವರು ಹೆಬ್ಬಾಳದ ಮೇಲುಸೇತುವೆಯನ್ನು ದಾಟುವಾಗ ಕೆರೆಯನ್ನು ನೋಡುವುದುಂಟು. ಅದಕ್ಕೂ ಬಿಡುವಿಲ್ಲದವರು ಮುಂದಿನ ವಾಹನದ ಬೆನ್ನನ್ನು ನೋಡುವರು. ಅದೇ ಹೆಬ್ಬಾಳದ ಊರೊಳಗೆ ಒಂದು ವೀರಗಲ್ಲಿದೆಯೆಂಬುದನ್ನು ಬಲ್ಲವರು ಕಡಮೆ. 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಅದು ಹೊರಬಿದ್ದಿತು. ಬಲ್ಲವರು ಅದರ ಬರೆಹವನ್ನು ಓದಿ ಅದು ಸುಮಾರು ಕ್ರಿ. ಶ. 750ರದೆಂದು ತಿಳಿಸಿದರು. ಗಂಗವಂಶದ ಶ್ರೀಪುರುಷನು ಆಳುತ್ತಿದ್ದಾಗ ಪೆರ್ಬೊಳಲು ನಾಡಿನ ಮೇಲೆ ಶತ್ರುಗಳು ದಾಳಿಯಿಟ್ಟರೆಂದೂ, ಕಿತ್ತಯ್ಯನೆಂಬವನು ಎದುರುನಿಂತು ಹೋರಾಡಿ ಮಡಿದನೆಂದೂ ಅದರ ತಾತ್ಪರ್ಯ. ಆ ಪೆರ್ಬೊಳಲೇ ಈಗಿನ ಹೆಬ್ಬಾಳ. ಊರವರೂ ಶಾಸನಾಸಕ್ತರೂ ಸೇರಿ ಆ ಕಲ್ಲಿಗೆ ಒಂದು ಮಂಟಪವನ್ನು ಕಟ್ಟಿಸಿರುವರು.

ಈ ಕಲ್ಲನ್ನು ನೋಡಿಬಂದ ದಿನ ನಮ್ಮ ಮನಸ್ಸಿನಲ್ಲಿ ಒಂದು ವಿಚಾರವು ನಾಟಿಕೊಂಡಿತು. ನಮ್ಮ ಈ ಬಡಗಣ ಸೀಮೆಯ ಅತ್ಯಂತ ಹಳೆಯ ಬರೆಹಗಳಲ್ಲೊಂದು ದೇವರ ಸ್ತೋತ್ರವಲ್ಲ, ಅರಸನ ಬಿರುದಾವಳಿಯೂ ಅಲ್ಲ; ಊರನ್ನು ಕಾಯುತ್ತ ಪ್ರಾಣಬಿಟ್ಟ ಒಬ್ಬನ ಹೆಸರು. ಊರೆಂಬುದು ಹುಟ್ಟುವಾಗಲೇ ಅದನ್ನು ಕಾಯುವುದೆಂತು ಎಂಬ ಪ್ರಶ್ನೆಯೂ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯೇತಕ್ಕೆ? ಆ ಪ್ರಶ್ನೆಗೆ ಎರಡು ಕವಲುಗಳಿವೆ. ಕಾಯುವವನಿಗೆ ಕೂಲಿಯನ್ನು ಯಾರು, ಎಷ್ಟು, ಹೇಗೆ ಕೊಡಬೇಕು ಎಂಬುದು ಒಂದು. ಕಾವಲು ತಪ್ಪಿದಾಗ ಯಾರು ಹೊಣೆ ಎಂಬುದು ಇನ್ನೊಂದು. ಪೋಲೀಸಿನ ಖರ್ಚಿನ ವಿಚಾರವಾಗಿ ಈಚಿನ ವರ್ಷಗಳಲ್ಲಿ ದೇಶವಿದೇಶಗಳಲ್ಲಿ ನಡೆದಿರುವ ವಾದವನ್ನೆಲ್ಲ ಸೋಸಿದರೆ ಉಳಿಯುವುದು ಇವೆರಡೇ. ಇವನ್ನು ಬಿಡಿಬಿಡಿಯಾಗಿ ನೋಡಿದ್ದರಿಂದಲೇ ನಾವು ಕೆಟ್ಟಿದ್ದೇವೆಂದೂ, ಜೊತೆಗೂಡಿಸಿ ನೋಡಿದರೆ ಗೃಹಸ್ಥನಿಗೂ ಪೇದೆಗೂ ಕ್ಷೇಮವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ನಮ್ಮ ಹಿರಿಯರು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಬಲವುಳ್ಳವನು ಬಲವಿಲ್ಲದವನನ್ನು ನುಂಗುವ ಸ್ಥಿತಿಯನ್ನು ಶಾಸ್ತ್ರಕಾರರು ಮಾತ್ಸ್ಯನ್ಯಾಯವೆಂದು ಕರೆದರು. ಅದನ್ನು ತಡೆಯುವುದಕ್ಕಾಗಿಯೇ ಪ್ರಜೆಗಳು ಬೆಳೆಯ ಆರನೆಯ ಒಂದು ಪಾಲನ್ನು ಅರಸನಿಗೆ ಕೊಡುವರೆಂದು ಹೇಳಿದರು. ಎಂದರೆ ಆ ಷಡ್ಭಾಗವು ಕಪ್ಪವಲ್ಲ, ಕೂಲಿ. ಕೂಲಿಯಾದಮೇಲೆ ಕೆಲಸ ತಪ್ಪಿದರೆ ದಂಡವೂ ಇರಬೇಕಷ್ಟೆ. ಕಳ್ಳರು ಒಯ್ದ ಸೊತ್ತನ್ನು ಅರಸನು ಹುಡುಕಿ ಒಡೆಯನಿಗೆ ಕೊಡತಕ್ಕದ್ದು, ಸಿಕ್ಕದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡತಕ್ಕದ್ದು ಎಂಬುದು ಗೌತಮ ಧರ್ಮಸೂತ್ರದ ವಿಧಿ. ಯಾಜ್ಞವಲ್ಕ್ಯಸ್ಮೃತಿಯೂ ಕಳವಾದ ದ್ರವ್ಯವನ್ನು ಪ್ರಜೆಗೆ ಸಲ್ಲಿಸುವ ಭಾರವನ್ನು ಅರಸನ ಮೇಲೆಯೇ ಇಡುತ್ತದೆ. ಆ ಸ್ಮೃತಿಯು ಇನ್ನೂ ಮುಂದೆ ಹೋಗಿ, ಕಳ್ಳನ ಹೆಜ್ಜೆಯು ಊರಿನಿಂದ ಹೊರಕ್ಕೆ ಹೋಗಿಲ್ಲವಾದರೆ ಊರಿನ ಒಡೆಯನು ಹೊಣೆ, ಗೋಮಾಳದಲ್ಲಾದರೆ ಗೋಮಾಳದ ಮೇಲ್ವಿಚಾರಕನು ಹೊಣೆ, ದಾರಿಯಲ್ಲಾದರೆ ಕಳ್ಳರನ್ನು ಹಿಡಿಯುವುದಕ್ಕೆ ನೇಮಕವಾದ ಅಧಿಕಾರಿಯು ಹೊಣೆ ಎಂದು ಗಡಿ ಹಾಕಿ ಹಂಚಿಕೊಟ್ಟಿದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಆದಕಾರಣ ಈ ವಿಚಾರವು ಕನ್ನಡ ನಾಡಿಗೆ ಹೊಸದಲ್ಲ.

ಹಿಂದಿನ ಕಾಲವೆಲ್ಲ ಚಿನ್ನವಾಗಿತ್ತೆಂದು ನಾವು ಹೇಳುತ್ತಿಲ್ಲ. ಶಾಸ್ತ್ರದಲ್ಲಿ ಬರೆದದ್ದೆಲ್ಲ ಊರಿನಲ್ಲಿ ನಡೆಯುತ್ತಿರಲಿಲ್ಲ. ಅದೇ ಸ್ಮೃತಿಗಳು ದಂಡದಲ್ಲಿ ಜಾತಿಯ ತಾರತಮ್ಯವನ್ನು ಮಾಡಿದುವೆಂಬುದನ್ನೂ ಮರೆಯಲಾಗದು. ಈಗ ನಮಗೆ ಬೇಕಾದುದು ಅವುಗಳ ದಂಡವಲ್ಲ, ಕೂಲಿಗೂ ಹೊಣೆಗೂ ಹಾಕಿದ ಗಂಟು ಮಾತ್ರ. ಹೋರಾಡಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದುದು ನಮ್ಮ ಶಾಸನಗಳಿಂದ ಪ್ರಸಿದ್ಧವಾಗಿದೆ. ಹಳ್ಳಿಯಲ್ಲಿ ತಳವಾರನೂ ತೋಟಿಯೂ ಆಯಗಾರರ ಸಾಲಿಗೆ ಸೇರಿದವರು. ಸುಗ್ಗಿಯಲ್ಲಿ ಕಣದ ಬಳಿ ನಿಂತು ತಮ್ಮ ಆಯವನ್ನು ಮೊರದಲ್ಲಿ ಅಳೆಯಿಸಿಕೊಂಡು ಹೋಗುತ್ತಿದ್ದರು. ಕೊಟ್ಟದ್ದು ಎಷ್ಟೆಂಬುದು ಕೊಟ್ಟವನಿಗೂ ಗೊತ್ತು, ನೋಡಿದವರಿಗೂ ಗೊತ್ತು. ವರ್ಷದಲ್ಲಿ ಎರಡು ಕಳವಾಗಿದ್ದರೆ, ಮೊರವನ್ನು ಎತ್ತುವ ಮೊದಲು ರೈತನು ನಾಲ್ಕು ಮಾತು ಕೇಳಿಯೇ ಕೇಳುತ್ತಿದ್ದನು.

ಕಾಲಕ್ರಮದಲ್ಲಿ ಆ ಏರ್ಪಾಡು ಹೋಯಿತು. ಬ್ರಿಟಿಷರು 1861ರಲ್ಲಿ ತಂದ ಪೋಲೀಸು ಕಾಯಿದೆಯು 1857ರ ದಂಗೆಯ ನೆನಪು ಮಾಸುವುದಕ್ಕೆ ಮೊದಲೇ ಹುಟ್ಟಿದ್ದು. ಆದುದರಿಂದ ಊರಿಗೆ ಉತ್ತರ ಹೇಳುವುದಕ್ಕಿಂತ ಸರ್ಕಾರಕ್ಕೆ ವಿಧೇಯವಾಗಿರುವುದೇ ಅದರ ಪರಮಗುಣವಾಯಿತು. ಸ್ವಾತಂತ್ರ್ಯಾನಂತರ ನಮ್ಮ ರಾಜ್ಯಾಂಗವು ಪೋಲೀಸನ್ನೂ ಸಾರ್ವಜನಿಕ ಶಾಂತಿಯನ್ನೂ ರಾಜ್ಯಗಳ ಪಟ್ಟಿಗೆ ಸೇರಿಸಿತು. ನಮ್ಮ ಸಂಸ್ಥಾನದಲ್ಲಿ ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ತಳವಾರಿಕೆ ಮುಗಿಯಿತು. ಅದು ಆಗಬೇಕಾದ್ದೇ ಆಗಿತ್ತು. ಒಬ್ಬನು ಹುಟ್ಟಿನಿಂದ ತೋಟಿಯಾಗುವುದು ನ್ಯಾಯವಲ್ಲ. ಅದೇ 1963ರಲ್ಲಿ ಬೆಂಗಳೂರು ನಗರಕ್ಕೆ ಪೋಲೀಸು ಕಮಿಷನರರ ಆಡಳಿತವೂ ಬಂದಿತು. ಆ ಬಳಿಕ ಯಲಹಂಕವು ನಗರಸಭೆಯಾಗಿ, 2007ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಮೇಲೆ ರಾಗಿಯ ಹೊಲಗಳೆಲ್ಲ ಬಡಾವಣೆಗಳಾದುವು. ನೆರೆಮನೆಯವನ ಹೆಸರು ತಿಳಿಯದ ಊರಿನಲ್ಲಿ ತಳವಾರನ ಕೆಲಸವು ನಡೆಯಲಾರದು. ಕಾವಲಿನ ಕೂಲಿಯು ಈಗ ಕಣದಲ್ಲಿ ಅಳೆದುಕೊಡುವ ರಾಗಿಯಲ್ಲ. ಪೆಟ್ರೋಲಿನಲ್ಲಿ, ಸೀರೆಯಲ್ಲಿ, ಮನೆಯ ನೋಂದಣಿಯಲ್ಲಿ ನಾವು ಕಾಣದಂತೆ ಕೊಡುವ ತೆರಿಗೆ. ಕಾಣದಂತೆ ಕೊಟ್ಟದ್ದರ ಲೆಕ್ಕವನ್ನು ಕೇಳುವ ಅಭ್ಯಾಸವು ನಮಗೆ ತಪ್ಪಿಹೋಗಿದೆ.

ಇದು ಬರಿಯ ತತ್ತ್ವವಿಚಾರವೆಂದು ವಾಚಕರು ಬೇಸರಪಡಬಾರದು. ನಮ್ಮ ಬೀದಿಯಲ್ಲಿಯೇ ನಡೆದ ಸಂಗತಿಯನ್ನು ಹೇಳುವೆವು. 2024ರ ಕಾರ್ತಿಕ ಮಾಸದಲ್ಲಿ ನೆರೆಮನೆಯ ವೃದ್ಧೆಯೊಬ್ಬರು ದೇವಸ್ಥಾನದ ದೀಪೋತ್ಸವವನ್ನು ನೋಡಿ ಹಿಂದಿರುಗುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಅವರ ಕೊರಳಿನ ಎರಡೆಳೆಯ ಮಾಂಗಲ್ಯಸರಕ್ಕೆ ಕೈಹಾಕಿ ಎಳೆದರು. ಸರ ಹೋಯಿತು, ಆಕೆ ಬಿದ್ದು ಮೊಣಕೈ ಬಿರಿಯಿತು. ಯಜಮಾನರು ಹಾಸಿಗೆ ಹಿಡಿದಿದ್ದುದರಿಂದ ಅವರೊಡನೆ ನಾವೇ ಠಾಣೆಗೆ ಹೋದೆವು. ಅಲ್ಲಿದ್ದವರು ಕೂರಿಸಿದರು, ನೀರು ಕೊಟ್ಟರು, ಸಮಾಧಾನ ಹೇಳಿದರು. ಆದರೆ ಫಿರ್ಯಾದನ್ನು ಬರೆಯುವ ಹೊತ್ತಿಗೆ, "ಜನಜಂಗುಳಿಯಲ್ಲಿ ಸರ ಬಿದ್ದುಹೋಗಿದೆ ಅಂತ ಬರೆದುಕೊಡಿ ಅಮ್ಮ, ನಾವು ಹುಡುಕುತ್ತೇವೆ" ಎಂದರು. ವೃದ್ಧೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿದ್ದುಹೋಯಿತು ಅಂದರೆ ತಪ್ಪು ನನ್ನದಾಗುತ್ತಲ್ಲಪ್ಪ? ಅವರು ಕಿತ್ತುಕೊಂಡು ಹೋದರು" ಎಂದರು. ಇಷ್ಟೇ ಮಾತು. ನ್ಯಾಯಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಇದಕ್ಕಿಂತ ಹೆಚ್ಚಿನ ತಿರುಳು ಇದೆಯೆಂದು ನಮಗೆ ತೋರಲಿಲ್ಲ.

ಠಾಣೆಯವರು ಹಾಗೇಕೆ ಹೇಳಿದರು? ಕಿತ್ತುಕೊಂಡದ್ದೆಂದು ಬರೆದರೆ ಅದು ಅಪರಾಧದ ಲೆಕ್ಕಕ್ಕೆ ಸೇರುತ್ತದೆ. ಲೆಕ್ಕ ಏರಿದರೆ ಮೇಲಿನವರು ಕಣ್ಣು ಕೆಂಪಗೆ ಮಾಡುತ್ತಾರೆ. ಕಳ್ಳನನ್ನು ಹುಡುಕುವುದಕ್ಕೆ ಆಳಿಲ್ಲ, ಹೊತ್ತಿಲ್ಲ. ಬಿದ್ದುಹೋಯಿತೆಂದರೆ ಯಾರಿಗೂ ಹೊಣೆಯಿಲ್ಲ. ಆದರೆ ಕಾಯಿದೆಯು ಇದನ್ನು ಒಪ್ಪುವುದಿಲ್ಲ. ಬಂಧಿಸಬಹುದಾದ ಅಪರಾಧದ ಸುದ್ದಿ ಬಂದೊಡನೆ ಪ್ರಥಮ ವರ್ತಮಾನ ವರದಿಯನ್ನು ದಾಖಲುಮಾಡಲೇಬೇಕೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು 2013ರಲ್ಲಿ ಲಲಿತಾ ಕುಮಾರಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹೀಗೆ ಕಿತ್ತುಕೊಂಡು ಹೋಗುವುದನ್ನೇ ಪ್ರತ್ಯೇಕವಾದ ಅಪರಾಧವೆಂದು ಹೆಸರಿಸಿ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ನಾವು ಇದನ್ನು ಸಾವಧಾನವಾಗಿ ಹೇಳಿದೆವು. ಒಂದು ಗಂಟೆಯ ಹೊತ್ತು ಹೋಯಿತು. ಕೊನೆಗೆ ಇದ್ದದ್ದನ್ನು ಇದ್ದಂತೆ ಬರೆದುಕೊಂಡರು.

ಆ ರಾತ್ರಿ ನಮಗೆ ಪೋಲೀಸಿನವರ ಮೇಲೆ ಬಹಳ ಸಿಟ್ಟು ಬಂದಿತ್ತು. ಮರುವಾರ ಆ ಸಿಟ್ಟು ಅರ್ಧಕ್ಕಿಳಿಯಿತು. ನಮ್ಮಲ್ಲಿ ಓದಿದವನೊಬ್ಬನು ನಗರದ ಬೇರೊಂದು ಠಾಣೆಯಲ್ಲಿ ದಫೇದಾರನಾಗಿದ್ದಾನೆ. ಮನೆಗೆ ಬಂದವನಿಗೆ ಈ ಕಥೆಯನ್ನು ಹೇಳಿದೆವು. ಅವನು ತಲೆತಗ್ಗಿಸಿ ಕೇಳಿ, "ತಪ್ಪೇ ಮೇಷ್ಟ್ರೇ, ಅಲ್ಲ ಅನ್ನೋಲ್ಲ. ಆದರೆ ಬೆಳಿಗ್ಗೆ ಮಂತ್ರಿಗಳ ಬಂದೋಬಸ್ತು, ಮಧ್ಯಾಹ್ನ ಕೋರ್ಟು, ಸಂಜೆ ಜಾತ್ರೆ, ರಾತ್ರಿ ಗಸ್ತು. ಕೇಸಿನ ಕಡತ ಬಿಚ್ಚೋದು ಯಾವಾಗ ಹೇಳಿ? ಮಗಳಿಗೆ ಜ್ವರ ಬಂದರೆ ರಜ ಕೇಳೋಕ್ಕೂ ಹೆದರಿಕೆ" ಎಂದನು. ಕೊಟ್ಟ ಕಾಫಿಯನ್ನು ಅರ್ಧ ಕುಡಿಯುವುದರೊಳಗೆ ಅವನ ಫೋನು ಕೂಗಿತು; ಎದ್ದುಹೋದನು. ಊರನ್ನು ಕಾಯುವವನ ಮನೆಯನ್ನು ಕಾಯುವವರು ಯಾರು ಎಂದು ನಾವು ಆ ಅರ್ಧ ಲೋಟವನ್ನು ನೋಡುತ್ತ ಕುಳಿತೆವು.

ಅವನೊಬ್ಬನ ದೂರಲ್ಲ ಇದು. ಸಂಬಳ, ರಜ, ದುಡಿಮೆಯ ಹೊತ್ತು, ಮೇಲಧಿಕಾರಿಗಳ ಮನೆಯ ಚಾಕರಿ ಇವುಗಳ ಅಸಮಾಧಾನದಿಂದ 2016ರ ಜೂನ್ 4ರಂದು ಕರ್ಣಾಟಕದ ಪೇದೆಗಳು ಒಟ್ಟಾಗಿ ರಜ ಹಾಕಬೇಕೆಂಬ ಕರೆ ಹೊರಟಿತ್ತು. ಪೋಲೀಸಿನವರು ಕಾರ್ಮಿಕರಂತೆ ಸಂಘ ಕಟ್ಟುವುದನ್ನು 1966ರ ಕಾಯಿದೆಯು ನಿರ್ಬಂಧಿಸಿದೆ. ಸರ್ಕಾರವು ಬಿಗಿಯಾಗಿ ನಿಂತಿತು, ಕರೆಕೊಟ್ಟವರನ್ನು ಬಂಧಿಸಿತು. ಆ ದಿನ ಠಾಣೆಗಳು ಎಂದಿನಂತೆಯೇ ನಡೆದುವು. ಆದರೆ ಕೂಗು ವ್ಯರ್ಥವಾಗಲಿಲ್ಲ. ಹಿರಿಯ ಅಧಿಕಾರಿಯಾದ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯು ಪೇದೆಗಳ ವೇತನವನ್ನು ಏರಿಸಬೇಕೆಂದು ಶಿಫಾರಸು ಮಾಡಿತು; 2019ರಲ್ಲಿ ಅದರ ಒಂದು ಭಾಗವು ಆಜ್ಞೆಯಾಗಿ ಹೊರಬಂದಿತು. ಬಾಯಿಲ್ಲದವನಿಗೆ ಕೂಲಿ ಏರುವುದು ಎಷ್ಟು ತಡವೆಂಬುದಕ್ಕೆ ಇದು ನಿದರ್ಶನ. ಅರೆಹೊಟ್ಟೆಯ ಕಾವಲುಗಾರನು ಒಂದೋ ನಿದ್ದೆಮಾಡುತ್ತಾನೆ, ಇಲ್ಲವೇ ಕಾಯಬೇಕಾದ್ದರಲ್ಲೇ ಕೈಯಿಡುತ್ತಾನೆ.

ಈಗ ಹೊರದೇಶದ ಕಡೆಗೆ ಸ್ವಲ್ಪ ತಿರುಗೋಣ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೋಲೀಸಿನವನೊಬ್ಬನು ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಜನಾಂಗದವನ ಕೊರಳ ಮೇಲೆ ಮೊಣಕಾಲೂರಿ ಕೊಂದುದು ಲೋಕಕ್ಕೆಲ್ಲ ತಿಳಿದ ವಿಷಯ. ಅದರ ಕೋಪದಿಂದ, ಪೋಲೀಸಿಗೆ ಕೊಡುವ ಹಣವನ್ನು ಕಡಮೆಮಾಡಿ ಶಿಕ್ಷಣಕ್ಕೂ ಆರೋಗ್ಯಕ್ಕೂ ಕೊಡಿರೆಂಬ ಘೋಷವು ಆ ದೇಶದಲ್ಲೆಲ್ಲ ಎದ್ದಿತು. ಆದರೆ ಪೋಲೀಸು ಇಲಾಖೆಯನ್ನು ತೆಗೆದು ಬೇರೊಂದು ಇಲಾಖೆಯನ್ನು ಸ್ಥಾಪಿಸಬೇಕೆಂಬ ಸೂಚನೆಯನ್ನು 2021ರ ನವೆಂಬರಿನಲ್ಲಿ ಅದೇ ಊರಿನ ಮತದಾರರ ಮುಂದೆ ಇಟ್ಟಾಗ ಹೆಚ್ಚಿನವರು ಬೇಡವೆಂದರು. ಹೊಡೆಯುವ ಕೈಯನ್ನು ಕಂಡು ರೋಸಿದ ಜನವೇ ಕಾಯುವ ಕೈ ಇಲ್ಲದಿದ್ದರೆ ಗತಿಯೇನೆಂದು ಹಿಂದೆಗೆದರು. ಇದರಲ್ಲಿ ವಿರೋಧವೇನೂ ಇಲ್ಲ. ಅವರಿಗೆ ಬೇಕಾಗಿದ್ದುದು ಪೋಲೀಸಿನ ಅಭಾವವಲ್ಲ, ಪೋಲೀಸಿನ ಹೊಣೆ.

ನಮ್ಮ ಸೀಮೆಯಲ್ಲಿಯೂ ಕಾವಲು ಕುಸಿದ ಹೊತ್ತುಗಳನ್ನು ಕಂಡಿದ್ದೇವೆ. 2006ರ ಏಪ್ರಿಲಿನಲ್ಲಿ ವರನಟ ರಾಜಕುಮಾರರು ತೀರಿಕೊಂಡಾಗ, ಯಶವಂತಪುರಕ್ಕೆ ಅನತಿದೂರದಲ್ಲಿರುವ ಕಂಠೀರವ ಸ್ಟುಡಿಯೋದಲ್ಲಿ ಅವರ ಅಂತ್ಯಕ್ರಿಯೆಯಾಗುವುದರೊಳಗೆ ನಗರದ ಗಲಭೆಯಲ್ಲಿ ಎಂಟು ಮಂದಿ ಸತ್ತರು; ಅವರಲ್ಲೊಬ್ಬನು ಪೋಲೀಸಿನವನು. 2020ರ ಆಗಸ್ಟ್ 11ರ ರಾತ್ರಿ ರವೀಂದ್ರನಾಥ ಠಾಕೂರ್ ನಗರಕ್ಕೆ ಹತ್ತಿರದ ದೇವರಜೀವನಹಳ್ಳಿಯಲ್ಲಿಯೂ ಕಾಡುಗೊಂಡನಹಳ್ಳಿಯಲ್ಲಿಯೂ ಗುಂಪುಗಳು ಠಾಣೆಗಳ ಮೇಲೆಯೇ ಬಿದ್ದು ವಾಹನಗಳಿಗೆ ಬೆಂಕಿಯಿಟ್ಟುವು. ಶಾಸಕರೊಬ್ಬರ ಮನೆಯೂ ಸುಟ್ಟಿತು. ಗೋಲೀಬಾರಿನಲ್ಲಿ ಜನ ಮೃತರಾದರು. ಆ ನಷ್ಟವನ್ನು ಅಂದಾಜುಮಾಡಿ ಹೊಣೆಯನ್ನು ಗೊತ್ತುಮಾಡುವುದಕ್ಕಾಗಿ ಹೈಕೋರ್ಟು ನಿವೃತ್ತ ನ್ಯಾಯಾಧೀಶರಾದ ಎಚ್. ಎಸ್. ಕೆಂಪಣ್ಣನವರನ್ನು ನೇಮಿಸಿತು. ಸುಟ್ಟದ್ದನ್ನು ತುಂಬಿಕೊಡುವವರು ಯಾರೆಂಬ ಸ್ಮೃತಿಕಾರರ ಪ್ರಶ್ನೆಯೇ ಹೊಸ ಉಡುಪಿನಲ್ಲಿ ಬಂದಿತೆನ್ನಬಹುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ವಿಜಯೋತ್ಸವಕ್ಕೆಂದು ನೆರೆದವರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣಬಿಟ್ಟರು. ಹಿರಿಯ ಪೋಲೀಸು ಅಧಿಕಾರಿಗಳನ್ನು ಅಮಾನತಿನಲ್ಲಿಟ್ಟರು. ಕೋಟೆ ಸೂರೆಹೋದಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಆ ದಿನಗಳಲ್ಲಿ ಬಹಳ ಬಾಯಿಗಳಲ್ಲಿ ಬಂದಿತು. ಪೋಲೀಸು ಬೇಡವೆನ್ನುವವರು ಈ ಮೂರು ದಿನಗಳನ್ನು ನೆನೆಯಬೇಕು.

ಪೋಲೀಸು ಕೇಳಿದ್ದನ್ನೆಲ್ಲ ಕೊಟ್ಟು ಸುಮ್ಮನಿರಿ ಎನ್ನುವವರು ಇನ್ನೊಂದು ಪಟ್ಟಿಯನ್ನು ನೆನೆಯಬೇಕು. ಬೇಲಿಯೇ ಎದ್ದು ಹೊಲವನ್ನು ಮೇಯುವುದೂ ಉಂಟಷ್ಟೆ. ಒರಿಸ್ಸಾದಲ್ಲಿ ಪೋಲೀಸಿನ ವಶದಲ್ಲಿದ್ದ ಮಗನನ್ನು ಕಳೆದುಕೊಂಡ ನೀಲಾಬತಿ ಬೆಹೆರಾ ಎಂಬ ತಾಯಿಯ ಅರ್ಜಿಯ ಮೇಲೆ 1993ರಲ್ಲಿ ಸುಪ್ರೀಂ ಕೋರ್ಟು ಸರ್ಕಾರವೇ 1,50,000 ರೂಪಾಯಿಗಳನ್ನು ಕೊಡಬೇಕೆಂದು ಆಜ್ಞಾಪಿಸಿತು. ಕಾಯುವವನೇ ಕೊಂದರೆ ಬೊಕ್ಕಸವು ಹೊಣೆಯೆಂಬುದು ಇದರ ಅರ್ಥ. 1996ರಲ್ಲಿ ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ, ಬಂಧಿಸುವವನು ತನ್ನ ಹೆಸರು ಕಾಣುವಂತೆ ಪಟ್ಟಿ ಧರಿಸಬೇಕು, ಬಂಧನದ ಪತ್ರವನ್ನು ಸಾಕ್ಷಿಯ ಮುಂದೆ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಎಂಬ ನಿಯಮಗಳನ್ನು ಹಾಕಿತು. 2020ರ ಡಿಸೆಂಬರಿನಲ್ಲಿ ಎಲ್ಲ ಠಾಣೆಗಳ ಒಳಗೂ ಕ್ಯಾಮರಾಗಳಿರಬೇಕೆಂದಿತು.

ಕ್ಯಾಮರಾದ ಮಾತು ಬಂದುದರಿಂದ ಹಣದ ಮಾತನ್ನೂ ಹೇಳಿಬಿಡುವೆವು. ದೆಹಲಿಯಲ್ಲಿ 2012ರಲ್ಲಿ ನಡೆದ ಘೋರಕೃತ್ಯದ ಬಳಿಕ ಸ್ತ್ರೀಯರ ರಕ್ಷಣೆಗಾಗಿ ಕೇಂದ್ರವು ನಿರ್ಭಯಾ ನಿಧಿಯನ್ನು ಏರ್ಪಡಿಸಿತಷ್ಟೆ. ಆ ನಿಧಿಯ ಆಶ್ರಯದಲ್ಲಿ ಎಂಟು ನಗರಗಳಿಗೆ ಸುರಕ್ಷಿತ ನಗರ ಯೋಜನೆಯು ಮಂಜೂರಾದಾಗ ಬೆಂಗಳೂರಿನ ಪಾಲಿಗೆ 667 ಕೋಟಿ ರೂಪಾಯಿಗಳ ಯೋಜನೆ ಬಂದಿತು. ನಗರದಲ್ಲಿ ಸಾವಿರಾರು ಕ್ಯಾಮರಾಗಳು ಎದ್ದುವು. ಇದು ಒಳ್ಳೆಯದೇ. ಆದರೆ ಕ್ಯಾಮರಾ ಕಣ್ಣೇ ಹೊರತು ಕೈಯಲ್ಲ. ಬೈಕಿನ ಚಿತ್ರವು ಸಿಕ್ಕಿದಮೇಲೆ ಅದರ ಬೆನ್ನುಹತ್ತಿ, ಮಹಜರು ಬರೆದು, ಸಾಕ್ಷಿಯನ್ನು ಒಲಿಸಿ, ನ್ಯಾಯಸ್ಥಾನದಲ್ಲಿ ನಿಲ್ಲುವ ಮನುಷ್ಯನು ಬೇಕು. ಯಂತ್ರಕ್ಕೆ ಕೊಡುವ ಹಣವನ್ನು ಉದ್ಘಾಟನೆಯಲ್ಲಿ ತೋರಿಸಬಹುದು. ತನಿಖೆಮಾಡುವವನ ಬಿಡುವಿಗೂ ತರಬೇತಿಗೂ ಕೊಡುವ ಹಣವನ್ನು ಹಾಗೆ ತೋರಿಸಲಾಗದು. ಪೋಲೀಸಿಗೆ ಎಷ್ಟು ಕೊಟ್ಟಿರಿ ಎಂದು ಕೇಳುವ ನಾವು, ಅದರಲ್ಲಿ ಆಳಿಗೆ ಎಷ್ಟು, ತನಿಖೆಗೆ ಎಷ್ಟು, ಬಂದೋಬಸ್ತಿಗೆ ಎಷ್ಟು ಎಂದೂ ಕೇಳಬೇಕು.

ಇವುಗಳನ್ನೆಲ್ಲ ಒಂದು ಕಟ್ಟಿಗೆ ತರುವ ಪ್ರಯತ್ನವು ನಡೆಯದೆ ಇಲ್ಲ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸು ಆಯೋಗವು ಎಂಟು ವರದಿಗಳನ್ನು ಬರೆಯಿತು. ಅವು ಬಹುಕಾಲ ಕಪಾಟಿನಲ್ಲಿ ಕುಳಿತುವು. ನಿವೃತ್ತ ಪೋಲೀಸು ಮುಖ್ಯಾಧಿಕಾರಿಯಾದ ಪ್ರಕಾಶ್ ಸಿಂಗರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷಗಳ ಮೇಲೆ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂದಿತು. ಠಾಣೆಯ ಅಧಿಕಾರಿಯನ್ನು ಎರಡು ವರ್ಷಗಳವರೆಗೆ ಕಾರಣವಿಲ್ಲದೆ ಎತ್ತಂಗಡಿ ಮಾಡಬಾರದು. ವರ್ಗಾವಣೆಗಳನ್ನು ನೋಡುವುದಕ್ಕೆ ಒಂದು ಮಂಡಲಿಯಿರಬೇಕು. ತನಿಖೆಯ ಕೆಲಸವನ್ನೂ ಬಂದೋಬಸ್ತಿನ ಕೆಲಸವನ್ನೂ ಬೇರ್ಪಡಿಸಬೇಕು. ಪೋಲೀಸಿನ ಮೇಲಿನ ದೂರನ್ನು ಕೇಳುವ ಪ್ರಾಧಿಕಾರವಿರಬೇಕು ಎಂಬಿವು ಅದರ ಮುಖ್ಯ ವಿಧಿಗಳಲ್ಲಿ ಕೆಲವು. ಕರ್ಣಾಟಕವು 2012ರಲ್ಲಿ ತನ್ನ ಪೋಲೀಸು ಕಾಯಿದೆಯನ್ನು ತಿದ್ದಿ ಮಂಡಲಿಗೂ ಪ್ರಾಧಿಕಾರಕ್ಕೂ ಸ್ಥಾನಕೊಟ್ಟಿತು. ಇವುಗಳಲ್ಲಿ ನಮ್ಮ ದಫೇದಾರನ ಕಡತಕ್ಕೂ ನಮ್ಮ ನೆರೆಮನೆಯ ಮಾಂಗಲ್ಯಕ್ಕೂ ಎಲ್ಲಕ್ಕಿಂತ ಹತ್ತಿರವಾದದ್ದು ತನಿಖೆಯನ್ನು ಬಂದೋಬಸ್ತಿನಿಂದ ಬೇರ್ಪಡಿಸುವುದು. ಅಡುಗೆಯವನನ್ನೇ ಹಸು ಮೇಯಿಸುವುದಕ್ಕೂ ಕಳುಹಿಸಿದರೆ ಒಲೆಯ ಮೇಲಿನ ಅನ್ನ ಸೀಯದೆ ಏನಾದೀತು?

ಇದರಲ್ಲಿ ಗೃಹಸ್ಥನು ಮಾಡತಕ್ಕದ್ದೇನು? ನಮ್ಮ ಅಲ್ಪಮತಿಗೆ ತೋರಿದಷ್ಟನ್ನು ಹೇಳುವೆವು. ಮೊದಲನೆಯದಾಗಿ, ಅಪರಾಧ ನಡೆದರೆ ಇದ್ದದ್ದನ್ನು ಇದ್ದಂತೆ ಬರೆಯಿಸಬೇಕು. ತುರ್ತಿಗೆ 112ಕ್ಕೆ ಕರೆಮಾಡಬಹುದು. ಫಿರ್ಯಾದನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಗಡಿಯ ನೆಪವನ್ನು ಹೇಳುವಂತಿಲ್ಲ. ವರದಿಯ ಪ್ರತಿಯನ್ನು ಖರ್ಚಿಲ್ಲದೆ ಕೊಡತಕ್ಕದ್ದು. ಠಾಣೆಯವರು ಒಪ್ಪದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಬರೆದುಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ತನಿಖೆಯು ಎಲ್ಲಿಗೆ ಬಂದಿದೆಯೆಂಬುದನ್ನು 90 ದಿನಗಳೊಳಗಾಗಿ ಫಿರ್ಯಾದುದಾರನಿಗೆ ತಿಳಿಸಬೇಕೆಂಬುದು ಹೊಸ ಸಂಹಿತೆಯ ವಿಧಿ. ಸಾಕ್ಷಿ ಹೇಳಬೇಕಾದ ಹೆಂಗಸರನ್ನೂ 60 ವರ್ಷ ಮೀರಿದವರನ್ನೂ ಅವರ ಮನೆಯಲ್ಲಿಯೇ ವಿಚಾರಿಸತಕ್ಕದ್ದು, ಬಲವಂತವಾಗಿ ಠಾಣೆಗೆ ಕರೆಯುವಂತಿಲ್ಲ. ಬಂಧಿತನಾದವನನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವನ್ನು ಮನೆಯ ಹೆಣ್ಣುಮಕ್ಕಳಿಗೂ ಕಲಿಸಿಡುವುದು ಲೇಸು.

ಎರಡನೆಯದಾಗಿ, ಕಾಯಿದೆಯು ನಮ್ಮ ಹಗೆಯವನಿಗೆ ಮಾತ್ರವೆಂಬ ಭ್ರಮೆಯನ್ನು ಬಿಡಬೇಕು. ನಮ್ಮ ಮಗನು ಹೆಬ್ಬಾಳದ ಸೇತುವೆಯ ಬುಡದಲ್ಲಿ ಅಡ್ಡದಾರಿಯಲ್ಲಿ ವಾಹನ ನಡೆಸಿ ಸಿಕ್ಕಿಬಿದ್ದರೆ ಪರಿಚಯಸ್ಥರಿಗೆ ಫೋನು ಮಾಡುವವರು ನಾವೇ. ಮರುದಿನ ಪೋಲೀಸಿನವರು ದೊಡ್ಡವರ ಮಾತಿಗೆ ಕುಣಿಯುತ್ತಾರೆಂದು ಜರೆಯುವವರೂ ನಾವೇ. ಪಂಚನಾಗಿ ಸಹಿ ಹಾಕಿರೆಂದರೆ ಬಾಗಿಲ ಹಿಂದೆ ಅಡಗುವವರೂ ನಾವೇ. ಸಾಕ್ಷಿಯಿಲ್ಲದೆ ಮೊಕದ್ದಮೆ ಬಿದ್ದುಹೋದರೆ ಅದರ ಪಾಪದಲ್ಲಿ ನಮಗೂ ಒಂದು ಪಾಲಿದೆ.

ಮೂರನೆಯದಾಗಿ, ಮತ ಕೇಳುವುದಕ್ಕೆ ಬಂದವರನ್ನು ರಸ್ತೆ ನೀರುಗಳ ಜೊತೆಗೆ ಠಾಣೆಯ ವಿಚಾರವನ್ನೂ ಕೇಳಬೇಕು. ಇಲ್ಲಿ ಎಷ್ಟು ಹುದ್ದೆ ಖಾಲಿ, ತನಿಖೆಗೆಂದು ಬೇರೆಯಾಗಿ ಎಷ್ಟು ಮಂದಿ, ಪೇದೆಗೆ ವಾರದ ರಜ ಸಿಕ್ಕುತ್ತದೆಯೆ, ದೂರು ಕೇಳುವ ಪ್ರಾಧಿಕಾರವು ಕುಳಿತು ಕೇಳುತ್ತಿದೆಯೆ? ಹೆಚ್ಚು ಕೊಡಿರಿ ಎಂಬುದಕ್ಕೂ ಹೆಚ್ಚು ಉತ್ತರ ಹೇಳಿರಿ ಎಂಬುದಕ್ಕೂ ನಡುವೆ ಜಗಳವಿಲ್ಲ. ಕೂಲಿಯನ್ನು ಪೂರ್ತಿ ಕೊಟ್ಟವನಿಗೇ ಕೆಲಸವನ್ನು ಪೂರ್ತಿ ಕೇಳುವ ಧೈರ್ಯವಿರುವುದು. ಕೆಲಸವನ್ನು ಕೇಳುವವನೇ ಕೂಲಿಯು ಎಲ್ಲಿ ಸೋರುತ್ತದೆಂಬುದನ್ನೂ ಕಂಡುಹಿಡಿಯುವನು.

ಮಾಂಗಲ್ಯದ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಅದು ಸಿಕ್ಕಲಿಲ್ಲ. ಮೂರು ತಿಂಗಳು ತುಂಬುವ ಮೊದಲು ಠಾಣೆಯಿಂದ ಒಬ್ಬ ಪೇದೆ ಮನೆಗೇ ಬಂದು, ಚಿತ್ರಗಳಲ್ಲಿ ಬೈಕಿನ ಅಂಕಿ ಸ್ಪಷ್ಟವಾಗಿಲ್ಲವೆಂದೂ, ಇನ್ನೂ ಹುಡುಕುತ್ತಿರುವರೆಂದೂ ತಿಳಿಸಿ, ಜಗುಲಿಯ ಮೇಲೆ ಕುಳಿತು ಹೇಳಿಕೆಯನ್ನು ಬರೆದುಕೊಂಡು ಹೋದನು. ವೃದ್ಧೆಯು ಈಗ ಅರಿಶಿನದ ದಾರವನ್ನು ಕಟ್ಟಿಕೊಂಡಿದ್ದಾರೆ. ವರದಿಯ ಪ್ರತಿಯನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. "ಸಿಕ್ಕರೆ ಸಿಕ್ಕಲಿ, ಬಿಟ್ಟರೆ ಬಿಡಲಿ ಮೇಷ್ಟ್ರೇ, ಸುಳ್ಳು ಬರೆಸಲಿಲ್ಲವಲ್ಲ" ಎಂದು ಒಂದು ದಿನ ಹೇಳಿದರು. ಜಗುಲಿಯಲ್ಲಿ ಕುಳಿತು ಬರೆದುಕೊಂಡ ಆ ಪೇದೆಗೆ ಅವರು ಎರಡು ಚಕ್ಕುಲಿಯನ್ನೂ ಕೊಟ್ಟಿದ್ದರಂತೆ. ಅವನು ಬೇಡವೆಂದು ಹೇಳಿ, ಬಲವಂತಕ್ಕೆ ಒಂದನ್ನು ತಿಂದನಂತೆ.

ಹೆಬ್ಬಾಳದ ಮಂಟಪದಲ್ಲಿ ನಿಂತಿರುವ ಕಿತ್ತಯ್ಯನ ಹೆಸರು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಉಳಿದಿರುವುದಕ್ಕೆ ಕಾರಣವೇನು? ಊರು ಅವನಿಗೆ ಸಲ್ಲಬೇಕಾದ್ದನ್ನು ಕಲ್ಲಿನ ಮೇಲೆ ಬರೆದಿಟ್ಟಿತು. ನಮ್ಮ ಬೀದಿಯ ಪೇದೆಗೆ ಕಲ್ಲು ಬೇಡ; ಬದುಕಿರುವಾಗಲೇ ನ್ಯಾಯವಾದ ಕೂಲಿ, ವಾರಕ್ಕೊಂದು ದಿನದ ಬಿಡುವು, ಮತ್ತು ತಪ್ಪಿದಾಗ ತಪ್ಪಿದೆಯೆಂದು ಹೇಳುವ ನೆರೆಯವರು ಇದ್ದರೆ ಸಾಕು.